ರಾಜೇಂದ್ರ ಚೋಳನೂ ಕೋಲಾರದ ದೇವಿಯೂ

ಚಕ್ರವರ್ತಿಗಳ ಕೀರ್ತಿಯನ್ನು ಅವರ ರಾಜಧಾನಿಗಳಲ್ಲಿಯೂ ಜಯಸ್ತಂಭಗಳಲ್ಲಿಯೂ ಅರಸುವುದು ಚರಿತ್ರಕಾರರ ವಾಡಿಕೆ. ಆದರೆ ಕಾಲಪುರುಷನ ಲೆಕ್ಕವೇ ಬೇರೆ. ಅರಮನೆ ನೆಲಸಮವಾಗಿ, ಬಿರುದುಗಳು ಮರೆತುಹೋಗಿ, ರಾಜ್ಯದ ಎಲ್ಲೆಗಳು ಅಳಿಸಿಹೋದ ಬಳಿಕವೂ, ದೂರದ ಒಂದು ಸೀಮೆಯಲ್ಲಿ ಅರಸನ ಅಪ್ಪಣೆಯಿಂದ ನಡೆದ ಸಣ್ಣದೊಂದು ಕಾರ್ಯವು ಸಾವಿರ ವರ್ಷ ಬಾಳುವುದುಂಟು. ಕೋಲಾರ ಪಟ್ಟಣದ ಕೋಲಾರಮ್ಮನ ಗುಡಿಯು ಇಂತಹ ಕಾರ್ಯಕ್ಕೆ ಸಾಕ್ಷಿಯಾಗಿ ನಿಂತಿದೆ. ಅಮ್ಮನವರ ದರ್ಶನಕ್ಕೆ ಹೋಗುವ ಭಕ್ತರು ಕನ್ನಡಿಯಲ್ಲಿ ದೇವಿಯ ಮುಖವನ್ನು ಕಂಡು, ಅಲ್ಲಿಯೇ ಇರುವ ಚೇಳಮ್ಮನಿಗೆ ಕೈಮುಗಿದು ಹಿಂದಿರುಗುತ್ತಾರೆ. ಗುಡಿಯ ಗೋಡೆಗಳ ಮೇಲಿರುವ ತಮಿಳು ಶಾಸನಗಳ ಮುಂದೆ ನಿಲ್ಲುವವರು ವಿರಳ. ಆ ಶಾಸನಗಳಲ್ಲಿ ಹೆಸರುಗೊಂಡಿರುವ ರಾಜೇಂದ್ರ ಚೋಳನು ಗಂಗಾತೀರದವರೆಗೆ ಸೈನ್ಯವನ್ನೂ ಮಲಯ ದ್ವೀಪಗಳವರೆಗೆ ನೌಕಾಬಲವನ್ನೂ ಕಳುಹಿಸಿದವನು. ಕಾಂಬೋಜ ದೇಶದ ಅರಸನಿಂದ ರಥವನ್ನು ಕಾಣಿಕೆಯಾಗಿ ಪಡೆದವನು. ಆತನ ಚರಿತ್ರೆಯನ್ನು ತಂಜಾವೂರಿನ ಕಡೆಯಿಂದ ಬರೆದವರು ಅನೇಕರು. ಕೋಲಾರದ ಕಡೆಯಿಂದ ಅದನ್ನು ನೋಡಿದರೆ ನಮಗೆ ಕಾಣುವುದೇನೆಂಬುದನ್ನು ಇಲ್ಲಿ ವಿಚಾರಿಸುವೆವು.

ಚೋಳರು ಬರುವುದಕ್ಕೆ ಮೊದಲು ಈ ಸೀಮೆಯು ಬರಿಯ ಕಾಡಾಗಿರಲಿಲ್ಲ. ಕುವಲಾಲವೆಂಬುದು ಕೋಲಾರದ ಪ್ರಾಚೀನ ನಾಮ. ಗಂಗರ ಮೊದಲ ರಾಜಧಾನಿ ಇದೇ. ರಾಜ್ಯದ ಕೇಂದ್ರವು ಕಾವೇರಿಯ ದಡದ ತಲಕಾಡಿಗೆ ಹೋದ ಮೇಲೂ ಗಂಗ ದೊರೆಗಳು ಶತಮಾನಗಳ ಕಾಲ ತಮ್ಮನ್ನು ಕುವಲಾಲಪುರದ ಒಡೆಯರೆಂದೇ ಕರೆದುಕೊಂಡರು. ಪೂರ್ವಕ್ಕೆ, ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ, ನೊಳಂಬರ ಕಾಲದ ದೇವಾಲಯ ಸಮುದಾಯವೊಂದಿದೆ. ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಶಿವಾಲಯಗಳು ಒಂದೇ ಪ್ರಾಕಾರದೊಳಗೆ ನಿಂತಿವೆ. ಮೇಲಿನ ಬೆಟ್ಟವನ್ನು ಸೀತಾದೇವಿಯು ಲವಕುಶರನ್ನು ಹಡೆದ ಸ್ಥಳವೆಂದು ಜನರು ನಂಬಿ ಹತ್ತುತ್ತಾರೆ. ಆ ಸ್ಥಾನದ ಅಧಿಪತಿಯಾಗಿದ್ದ ತ್ರಿಭುವನಕರ್ತನೆಂಬ ತಪಸ್ವಿಯು ೪೦ ವರ್ಷ ಆವಣಿಯನ್ನು ಆಳಿ, ೫೦ ದೇಗುಲಗಳನ್ನು ಕಟ್ಟಿಸಿ, ಎರಡು ಹಿರಿಯ ಕೆರೆಗಳನ್ನು ತೋಡಿಸಿದನೆಂದು ಅಲ್ಲಿಯ ಶಾಸನ ಸಾರುತ್ತದೆ. ದೇಗುಲವನ್ನೂ ಕೆರೆಯನ್ನೂ ಒಂದೇ ಉಸಿರಿನಲ್ಲಿ ಎಣಿಸುವ ಈ ಶಾಸನದ ಕ್ರಮವನ್ನು ವಾಚಕರು ಗಮನದಲ್ಲಿಡಬೇಕು. ಜೀವನದಿಯಿಲ್ಲದ ಈ ನಾಡಿನಲ್ಲಿ ಧರ್ಮವೆಂದರೆ ನೀರೂ ಹೌದು.

ಇಂತಹ ನಾಡನ್ನು ಹತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಚೋಳ ಸೈನ್ಯವು ಆಕ್ರಮಿಸಿತು. ಆಗ ತಂಜಾವೂರಿನಲ್ಲಿ ಆಳುತ್ತಿದ್ದವನು ರಾಜರಾಜ ಚೋಳ. ಆತನ ಮಗನೇ ರಾಜೇಂದ್ರ. ಆರ್ದ್ರಾ ನಕ್ಷತ್ರದಲ್ಲಿ ಹುಟ್ಟಿದ ಈ ಕುಮಾರನು ಬೆಳೆದದ್ದು ಇಬ್ಬರು ಹಿರಿಯ ಸ್ತ್ರೀಯರ ನೆರಳಿನಲ್ಲಿ. ಒಬ್ಬಳು ಅವನ ಸೋದರತ್ತೆ ಕುಂದವೈ. ಇನ್ನೊಬ್ಬಳು ಗಂಡರಾದಿತ್ಯನ ವಿಧವೆಯಾದ ಶೆಂಬಿಯನ್ ಮಹಾದೇವಿ. ಈ ಮಹಾದೇವಿಯು ಕಾವೇರಿಯ ಸೀಮೆಯಲ್ಲಿ ಇಟ್ಟಿಗೆಯಿಂದ ಕಟ್ಟಿದ್ದ ಹಳೆಯ ದೇವಾಲಯಗಳನ್ನು ಒಂದೊಂದಾಗಿ ಕಲ್ಲಿನಲ್ಲಿ ಕಟ್ಟಿಸುವ ವ್ರತವನ್ನು ಹಿಡಿದಿದ್ದವಳು. ಪತಿಯನ್ನು ಕಳೆದುಕೊಂಡ ರಾಣಿಯು ತನ್ನ ದೀರ್ಘಾಯುಷ್ಯವನ್ನು ಹೀಗೆ ಸಾರ್ಥಕಗೊಳಿಸಿದ್ದನ್ನು ಕುಮಾರನು ಕಣ್ಣಾರೆ ಕಂಡಿದ್ದನು. ತಂದೆಯಿಂದ ದಂಡಯಾತ್ರೆಯನ್ನೂ ಅಜ್ಜಿಯಿಂದ ಜೀರ್ಣೋದ್ಧಾರವನ್ನೂ ಕಲಿತನೆಂದರೆ ತಪ್ಪಾಗಲಾರದು. ಈ ಎರಡು ವಿದ್ಯೆಗಳೂ ಕನ್ನಡ ನಾಡಿನಲ್ಲಿ ಪ್ರಯೋಗವಾದುವು.

ಮೊದಲು ಪ್ರಯೋಗವಾದುದು ದಂಡಯಾತ್ರೆ. ೧೦೦೪ರ ಸುಮಾರಿಗೆ ತಲಕಾಡು ಚೋಳರ ಕೈಸೇರಿ ಗಂಗರ ಪ್ರಭುತ್ವವು ಕೊನೆಗೊಂಡಿತು. ಮೂರು ನಾಲ್ಕು ವರ್ಷಗಳಲ್ಲಿ ಚೋಳ ಸೈನ್ಯವು ಕಲ್ಯಾಣದ ಚಾಲುಕ್ಯರ ಸೀಮೆಗೆ ನುಗ್ಗಿತು. ಈಗಿನ ಹಾವೇರಿ ಜಿಲ್ಲೆಯ ಹೊಟ್ಟೂರಿನಲ್ಲಿ ಶಕವರ್ಷ ೯೨೯ರ, ಎಂದರೆ ಕ್ರಿ. ಶ. ೧೦೦೭–೦೮ರ, ಶಾಸನವೊಂದಿದೆ. ಚೋಳ ರಾಜಕುಮಾರನು ಒಂಬತ್ತು ಲಕ್ಷ ದಂಡಿನೊಡನೆ ಬಂದು ವಿಜಯಪುರದ ಕಡೆಯ ದೋಣೂರಿನಲ್ಲಿ ಬೀಡುಬಿಟ್ಟು, ನಾಡನ್ನು ಸೂರೆಮಾಡಿ, ಹೆಂಗಸರು, ಮಕ್ಕಳು, ಬ್ರಾಹ್ಮಣರೆಂಬ ಭೇದವಿಲ್ಲದೆ ಕೊಲ್ಲಿಸಿದನೆಂದೂ, ಚಾಲುಕ್ಯ ಸತ್ಯಾಶ್ರಯನು ಅವನನ್ನು ಹಿಮ್ಮೆಟ್ಟಿಸಿದನೆಂದೂ ಅದು ಹೇಳುತ್ತದೆ. ಸತ್ಯಾಶ್ರಯನಿಗೆ ತಿಗುಳಮಾರಿ ಎಂಬ ಬಿರುದು ಸಂದುದು ಈ ಯುದ್ಧದಿಂದಲೇ. ಒಂಬತ್ತು ಲಕ್ಷವೆಂಬ ಸಂಖ್ಯೆಯಲ್ಲಿ ಶತ್ರುವಿನ ಅತಿಶಯೋಕ್ತಿ ಇರಬಹುದು. ಆದರೆ ಊರು ಸುಟ್ಟ ಹೊಗೆಯನ್ನು ಯಾವ ಶಾಸನಕವಿಯೂ ಸುಮ್ಮನೆ ಕಲ್ಪಿಸಿಕೊಳ್ಳುವುದಿಲ್ಲ. ರಾಜೇಂದ್ರನ ಜೀವಿತವನ್ನು ಬರೆಯುವ ಕನ್ನಡಿಗನು ಹೊಟ್ಟೂರಿನ ಕಲ್ಲನ್ನು ಮರೆಯುವುದು ನ್ಯಾಯವಲ್ಲ.

೧೦೧೨ರಲ್ಲಿ ತಂದೆಯೊಡನೆ ಸಹಪ್ರಭುವಾಗಿ, ೧೦೧೪ರಲ್ಲಿ ಏಕಪ್ರಭುವಾಗಿ ರಾಜೇಂದ್ರನು ಸಿಂಹಾಸನವನ್ನೇರಿದನು. ಆಗ ಕೋಲಾರದ ಸೀಮೆಯು ಗಡಿನಾಡಲ್ಲ, ಚೋಳ ಮಹಾರಾಜ್ಯದ ಒಳನಾಡು. ಗೆದ್ದವರು ಗೆದ್ದ ನೆಲಕ್ಕೆ ಹೊಸ ಹೆಸರುಗಳನ್ನು ಇಟ್ಟರು. ಗಂಗವಾಡಿಯು ಮುಡಿಕೊಂಡಚೋಳಮಂಡಲವಾಯಿತು, ಕುವಲಾಲನಾಡು ನಿಗರಿಲಿಚೋಳಮಂಡಲದೊಳಗೆ ಸೇರಿತು. ಮುಡಿಕೊಂಡನೆಂದರೆ ಪರರಾಜರ ಕಿರೀಟಗಳನ್ನು ಕಿತ್ತುಕೊಂಡವನು. ನಿಗರಿಲಿ ಎಂದರೆ ಸಾಟಿಯಿಲ್ಲದವನು. ರೈತನು ಕಂದಾಯ ಕಟ್ಟುವಾಗಲೂ ಬ್ರಾಹ್ಮಣನು ದಾನಪತ್ರವನ್ನು ಓದುವಾಗಲೂ ಗೆದ್ದವನ ಬಿರುದನ್ನು ಉಚ್ಚರಿಸಬೇಕೆಂಬುದು ಇದರ ಉದ್ದೇಶ. ಶಾಸನಗಳ ಭಾಷೆಯೂ ತಮಿಳಾಯಿತು. ಬಿ. ಎಲ್. ರೈಸ್ ಅವರು ೧೯೦೫ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನ ಸಂಪುಟವನ್ನು ತಿರುವಿ ನೋಡಿದವರಿಗೆ ಕನ್ನಡ, ತಮಿಳು, ತೆಲುಗು ಮೂರೂ ಭಾಷೆಗಳು ಒಂದೇ ತಾಲ್ಲೂಕಿನ ಕಲ್ಲುಗಳಲ್ಲಿ ನೆರೆಹೊರೆಯಾಗಿರುವುದು ತಿಳಿಯುತ್ತದೆ. ಇಂದಿಗೂ ಕೋಲಾರದ ಸಂತೆಯಲ್ಲಿ ಕೇಳಿಬರುವ ಭಾಷೆಗಳು ಇವೇ.

ರಾಜೇಂದ್ರನ ಮುಂದಿನ ಹತ್ತು ಹನ್ನೆರಡು ವರ್ಷಗಳು ಅವಿಶ್ರಾಂತ ವಿಜಯಗಳ ಕಥೆ. ಸಿಂಹಳ ದ್ವೀಪವನ್ನು ಪೂರ್ಣವಾಗಿ ವಶಪಡಿಸಿಕೊಂಡು ಅಲ್ಲಿಯ ಅರಸನಾದ ಐದನೆಯ ಮಹಿಂದನನ್ನು ಸೆರೆಹಿಡಿದನು. ಚಾಲುಕ್ಯ ಜಯಸಿಂಹನೊಡನೆ ೧೦೨೧ರ ಸುಮಾರಿಗೆ ಮಸ್ಕಿಯಲ್ಲಿ ಹೋರಾಡಿದನು. ಆದರೆ ತುಂಗಭದ್ರೆಯ ಆಚೆ ಶಾಶ್ವತವಾಗಿ ನೆಲೆಯೂರಲು ಅವನಿಂದಾಗಲಿಲ್ಲ. ಆತನ ದಂಡನಾಯಕರು ಕಳಿಂಗವನ್ನು ದಾಟಿ ವಂಗದೇಶದವರೆಗೆ ನಡೆದು ಗಂಗೆಯ ನೀರನ್ನು ತಂದರು. ಆ ವಿಜಯದ ನೆನಪಿಗಾಗಿ ಗಂಗೈಕೊಂಡಚೋಳಪುರವೆಂಬ ಹೊಸ ರಾಜಧಾನಿ ಎದ್ದಿತು. ೧೦೨೫ರಲ್ಲಿ ಚೋಳ ನೌಕಾಬಲವು ಕಡಲನ್ನು ದಾಟಿ ಶ್ರೀವಿಜಯದ ರೇವುಗಳ ಮೇಲೆ ಬಿದ್ದು, ಕಡಾರದ ಅರಸ ಸಂಗ್ರಾಮವಿಜಯೋತ್ತುಂಗವರ್ಮನನ್ನು ಹಿಡಿಯಿತು. ಭಾರತದ ಯಾವ ರಾಜನೂ ಅಷ್ಟು ದೂರದ ಸಮುದ್ರದಲ್ಲಿ ಅಂತಹ ಸಾಹಸವನ್ನು ಅದುವರೆಗೆ ಮಾಡಿರಲಿಲ್ಲ. ಚೀನಾ ದೇಶದೊಡನೆ ನಡೆಯುತ್ತಿದ್ದ ವ್ಯಾಪಾರದ ದಾರಿಯು ಮಲಯದ ಜಲಸಂಧಿಯಲ್ಲಿ ಶ್ರೀವಿಜಯದ ಹಿಡಿತದಲ್ಲಿದ್ದುದೇ ಈ ಯುದ್ಧಕ್ಕೆ ಮುಖ್ಯ ಕಾರಣವೆಂದು ಅನೇಕ ವಿದ್ವಾಂಸರ ಅಭಿಪ್ರಾಯ.

ಶ್ರೀವಿಜಯದ ನೆರೆಯಲ್ಲಿಯೇ, ಈಗಿನ ಕಾಂಬೋಡಿಯದಲ್ಲಿ, ಖ್ಮೇರರ ಕಾಂಬೋಜ ರಾಜ್ಯವಿದ್ದಿತು. ಅಲ್ಲಿ ಆಗ ಆಳುತ್ತಿದ್ದವನು ಮೊದಲನೆಯ ಸೂರ್ಯವರ್ಮ. ದಾಯಾದಿಗಳೊಡನೆ ದೀರ್ಘಯುದ್ಧ ಮಾಡಿ ಪಟ್ಟವನ್ನು ಗಳಿಸಿದ ಈತನು, ತಾನು ಶತ್ರುಗಳನ್ನು ಗೆದ್ದ ಸಮರರಥವನ್ನೇ ರಾಜೇಂದ್ರನಿಗೆ ಕಳುಹಿಸಿ, ತನ್ನ ರಾಜ್ಯಲಕ್ಷ್ಮಿಯ ರಕ್ಷಣೆಗಾಗಿ ಆತನ ಸ್ನೇಹವನ್ನು ಬೇಡಿದನೆಂದು ಕರಂದೈ ತಾಮ್ರಶಾಸನವು ತಿಳಿಸುತ್ತದೆ. ಆ ಶಾಸನವು ರಾಜೇಂದ್ರನ ಆಳ್ವಿಕೆಯ ಎಂಟನೆಯ ವರ್ಷದ್ದು. ಎಂದರೆ ಕಡಾರದ ಯುದ್ಧಕ್ಕಿಂತ ಮುಂಚಿನದು. ಹೀಗೆ ಕುವಲಾಲದ ಒಡೆಯನೂ ಕಾಂಬೋಜದ ಒಡೆಯನೂ ಮಿತ್ರರಾದರು.

ಈ ಮಿತ್ರನ ಕಾರ್ಯಗಳನ್ನು ಸ್ವಲ್ಪ ನೋಡುವುದು ಅಪ್ರಸ್ತುತವಾಗದು. ಕಾಂಬೋಡಿಯದ ಉತ್ತರದ ಗಡಿಯ ಬೆಟ್ಟಸಾಲಿನ ತುದಿಯಲ್ಲಿ ಪ್ರಿಯಾ ವಿಹಾರವೆಂಬ ಶಿವಾಲಯವಿದೆ. ಅಲ್ಲಿಯ ದೇವನಿಗೆ ಶಿಖರೇಶ್ವರನೆಂದು ಹೆಸರು. ಕಡಿದಾದ ಬಂಡೆಯ ನೆತ್ತಿಗೆ ಮೆಟ್ಟಿಲುಗಳೂ ಗೋಪುರಗಳೂ ಒಂದರ ಹಿಂದೆ ಒಂದಾಗಿ ಏರುತ್ತ ಹೋಗುವ ಈ ದೇವಾಲಯದ ಬಹುಭಾಗವು ಹನ್ನೊಂದನೆಯ ಶತಮಾನದ್ದು. ಅದರ ವಿಸ್ತರಣದಲ್ಲಿ ಸೂರ್ಯವರ್ಮನ ಪಾತ್ರ ಹಿರಿದು. ಲೋಕಪ್ರಸಿದ್ಧವಾದ ಅಂಕೋರ್ ವಾಟ್ ದೇಗುಲವು ಇದಕ್ಕಿಂತ ಒಂದು ಶತಮಾನದಷ್ಟು ಈಚಿನದು. ಅದು ಎರಡನೆಯ ಸೂರ್ಯವರ್ಮನ ಕೃತಿ. ಅಂಕೋರ್ ನಗರದ ಪಕ್ಕದಲ್ಲಿ ಸುಮಾರು ೮ ಕಿಲೋಮೀಟರ್ ಉದ್ದ, ೨ ಕಿಲೋಮೀಟರಿಗೂ ಮಿಕ್ಕ ಅಗಲವುಳ್ಳ ಪಶ್ಚಿಮದ ಮಹಾತಟಾಕವೂ ಹನ್ನೊಂದನೆಯ ಶತಮಾನದ್ದೇ. ಇತ್ತ ರಾಜೇಂದ್ರನೂ ತನ್ನ ರಾಜಧಾನಿಯ ಬಳಿ ಚೋಳಗಂಗವೆಂಬ ವಿಶಾಲವಾದ ಕೆರೆಯನ್ನು ತೋಡಿಸಿ, ಗಂಗಾಜಲವನ್ನು ಅದಕ್ಕೆ ಎರೆಯಿಸಿ, ಅದನ್ನೇ ನೀರಿನಿಂದ ಮಾಡಿದ ಜಯಸ್ತಂಭವೆಂದು ತಾಮ್ರಶಾಸನದಲ್ಲಿ ಬರೆಸಿದನು. ಆವಣಿಯ ತಪಸ್ವಿ, ಗಂಗೈಕೊಂಡಚೋಳಪುರದ ಚಕ್ರವರ್ತಿ, ಅಂಕೋರಿನ ದೊರೆ ಇವರ ಸಂಪತ್ತಿನಲ್ಲಿ ಅಜಗಜಾಂತರವಿದ್ದರೂ, ಕಲ್ಲಿನಲ್ಲಿ ದೇವರನ್ನೂ ನೆಲದಲ್ಲಿ ನೀರನ್ನೂ ನಿಲ್ಲಿಸಿದವನೇ ಒಡೆಯನೆಂಬ ಭಾವನೆಯು ಮೂವರಿಗೂ ಸಮಾನವಾಗಿತ್ತು.

ಇಷ್ಟೆಲ್ಲ ವೈಭವದ ನಡುವೆ, ೧೦೩೩ರ ವೇಳೆಗೆ, ಕುವಲಾಲದ ದೇವಿಯ ಗುಡಿಯ ಪ್ರಸ್ತಾಪವು ಚಕ್ರವರ್ತಿಯ ಮುಂದೆ ಬಂದಿತು. ಚೀನಾ ಚಕ್ರವರ್ತಿಯ ಆಸ್ಥಾನಕ್ಕೆ ಚೋಳ ರಾಯಭಾರಿಗಳು ಹೋದುದೂ ಅದೇ ಕಾಲದಲ್ಲಿ. ಗುಡಿಯು ಇಟ್ಟಿಗೆಯದಾಗಿತ್ತು. ರಾಜಾಜ್ಞೆಯಂತೆ ದಂಡನಾಯಕನು ಅದನ್ನು ಕಲ್ಲಿನಲ್ಲಿ ಕಟ್ಟಿಸಿದನು. ಶೆಂಬಿಯನ್ ಮಹಾದೇವಿಯು ಕಾವೇರಿಯ ದಡದಲ್ಲಿ ನಡೆಸಿದ ಕಾರ್ಯವು ಹೀಗೆ ಕೋಲಾರದ ಬೆಟ್ಟದ ತಪ್ಪಲಿಗೂ ಬಂದು ತಲಪಿತು. ಇದರಲ್ಲಿ ವಿಶೇಷವೇನೆಂದು ಕೇಳುವವರಿಗೆ ಒಂದು ಮಾತು. ಚೋಳರ ಕುಲದೈವ ಶಿವ. ಗೆದ್ದ ನಾಡುಗಳಲ್ಲಿ ಅವರು ತಮ್ಮ ಹೆಸರಿನ ಈಶ್ವರಾಲಯಗಳನ್ನು ಎತ್ತುವುದು ರೂಢಿಯಾಗಿತ್ತು. ಅದರಿಂದ ಗೆದ್ದವನ ಬಿರುದು ನಿತ್ಯಪೂಜೆಯ ಸಂಕಲ್ಪದಲ್ಲಿ ಸೇರುತ್ತಿತ್ತು. ಕೋಲಾರದಲ್ಲಾದರೋ ಕಲ್ಲನ್ನು ಪಡೆದುದು ಊರಿನ ದೇವಿ. ಸಪ್ತಮಾತೃಕೆಯರೊಡನೆ ನೆಲಸಿರುವ, ರೈತರೂ ಕೂಲಿಗಳೂ ಹರಕೆ ಹೊರುವ, ಚೇಳು ಕಡಿದವನೂ ಮೊರೆಹೋಗುವ ಅಮ್ಮ. ಅವಳ ಹೆಸರನ್ನು ಬದಲಿಸಲಿಲ್ಲ; ಅವಳ ಸ್ಥಾನವನ್ನು ಕದಲಿಸಲಿಲ್ಲ; ಅವಳ ಪೂಜಾಕ್ರಮಕ್ಕೆ ಭಂಗ ತರಲಿಲ್ಲ. ನಾಡಿಗೆ ತನ್ನವರ ಬಿರುದನ್ನು ಅಂಟಿಸಿದ ಪ್ರಭುತ್ವವು ನಾಡಿನ ದೇವಿಯ ಮುಂದೆ ಮಾತ್ರ ತಲೆಬಾಗಿತು. ಇದು ಭಕ್ತಿಯೋ ರಾಜನೀತಿಯೋ ಎಂದು ಭೇದ ಮಾಡುವುದು ಕಷ್ಟ, ಎರಡೂ ಇದ್ದಿರಬೇಕು. ಆದರೆ ಊರಿನ ಜನರ ಮನಸ್ಸನ್ನು ಬಲ್ಲವನಿಗಲ್ಲದೆ ಅನ್ಯರಿಗೆ ಇಂತಹ ರಾಜನೀತಿಯು ಹೊಳೆಯುವುದಿಲ್ಲ.

೧೦೪೪ರಲ್ಲಿ, ೩೦ ವರ್ಷಗಳ ಆಳ್ವಿಕೆಯ ತರುವಾಯ, ರಾಜೇಂದ್ರನು ತೊಂಡೈನಾಡಿನ ಬ್ರಹ್ಮದೇಶವೆಂಬ ಊರಿನಲ್ಲಿ ಕಾಲವಾದನು. ರಾಣಿ ವೀರಮಹಾದೇವಿಯು ಸಹಗಮನ ಮಾಡಿದಳು. ಆತನ ಮೂವರು ಮಕ್ಕಳು ಒಬ್ಬರಾದ ಮೇಲೊಬ್ಬರು ಪಟ್ಟಕ್ಕೆ ಬಂದರು. ಹಿರಿಯನಾದ ರಾಜಾಧಿರಾಜನು ೧೦೫೪ರಲ್ಲಿ ಕೊಪ್ಪದ ಯುದ್ಧದಲ್ಲಿ, ಚಾಲುಕ್ಯ ಸೋಮೇಶ್ವರನ ಸೈನ್ಯದೆದುರಿಗೆ, ಆನೆಯ ಮೇಲೆಯೇ ಪ್ರಾಣಬಿಟ್ಟನು. ತಂದೆಯು ಹೊತ್ತಿಸಿದ ವೈರವು ಮಗನನ್ನು ಬಲಿ ತೆಗೆದುಕೊಂಡಿತು. ೧೦೭೦ರಲ್ಲಿ ರಾಜೇಂದ್ರನ ಮಗಳ ಮಗನಾದ ಕುಲೋತ್ತುಂಗನು ಚೋಳ ಸಿಂಹಾಸನವನ್ನೇರಿದನು. ಈತನ ತಂದೆಯ ವಂಶವು ವೆಂಗಿಯ ಚಾಲುಕ್ಯರದು. ಚಾಲುಕ್ಯರನ್ನು ಅಳಿಸಲು ಹೊರಟ ಮನೆತನವು ಕೊನೆಗೆ ಚಾಲುಕ್ಯ ರಕ್ತದಿಂದಲೇ ಉಳಿಯಬೇಕಾಯಿತು. ಕೋಲಾರಮ್ಮನ ಗುಡಿಯಲ್ಲಿ ಈ ಕುಲೋತ್ತುಂಗನ ಕಾಲದ, ೧೦೭೧–೭೨ರ, ಶಾಸನವಿದೆ. ದೇವಿಯ ಪೂಜೆಗೆ, ಹಬ್ಬಗಳಿಗೆ, ಗುಡಿಯ ಊಳಿಗದವರ ಜೀವನಕ್ಕೆ ಇಷ್ಟಿಷ್ಟು ಭತ್ತವೆಂದು ಅದು ಅಳತೆಯೊಡನೆ ನಿಗದಿಮಾಡುತ್ತದೆ. ತಾತನು ಗೋಡೆಯನ್ನು ಕಟ್ಟಿಸಿದನು; ಮೊಮ್ಮಗನು ಗೋಡೆಯೊಳಗಿನ ದೀಪಕ್ಕೆ ಏರ್ಪಾಡು ಮಾಡಿದನು. ಕಾಂಬೋಜದ ನಂಟೂ ಮೊಮ್ಮಗನ ಕಾಲಕ್ಕೆ ಮುಂದುವರಿಯಿತು. ಕಾಂಬೋಜದ ಅರಸನು ಕಾಣಿಕೆಯಾಗಿ ಕಳುಹಿಸಿದ ಶಿಲೆಯೊಂದನ್ನು ಕುಲೋತ್ತುಂಗನು ಚಿದಂಬರದ ದೇವಾಲಯದಲ್ಲಿ ಇರಿಸಿದುದನ್ನು ೧೧೧೪ರ ಅಲ್ಲಿಯ ಶಾಸನವು ಹೇಳುತ್ತದೆ. ಇದಾದ ಎರಡು ಮೂರು ವರ್ಷಗಳೊಳಗೆ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ತಲಕಾಡನ್ನು ಹಿಡಿದು ಗಂಗವಾಡಿಯಲ್ಲಿ ಚೋಳರ ಆಳ್ವಿಕೆಯನ್ನು ಮುಗಿಸಿದನು.

ಆಮೇಲೆ ಉಳಿದುದೇನು? ಗಂಗೈಕೊಂಡಚೋಳಪುರದ ಅರಮನೆಯು ಮಣ್ಣಾಯಿತು. ಮಹಾದೇವಾಲಯದ ವಿಮಾನವು ಈಗಲೂ ನಿಂತಿದೆಯಾದರೂ, ಅದರ ಹೊರಗೋಡೆಯ ಕಲ್ಲುಗಳನ್ನು ೧೮೩೬ರಲ್ಲಿ ಕಂಪನಿಯ ಸರಕಾರದ ಇಂಜಿನಿಯರುಗಳು ಕಿತ್ತು ಕೊಳ್ಳಿಡಂ ನದಿಯ ಕೆಳಗಣ ಅಣೆಕಟ್ಟಿಗೆ ಹಾಕಿದರು. ಕಲ್ಲು ರೈತನ ನೀರಿಗೆ ಒದಗಿತೆಂದು ಸಮಾಧಾನ ಪಡಬಹುದು. ಆದರೆ ಆ ಕಲ್ಲನ್ನು ಚರಿತ್ರೆಯ ಮೈಯಿಂದ ಸುಲಿದುದು ಪರಪ್ರಭುತ್ವದ ಅನಾದರಕ್ಕೆ ಗುರುತು. ಮುಡಿಕೊಂಡಚೋಳಮಂಡಲವೆಂಬ ಹೆಸರನ್ನು ಇಂದು ಶಾಸನಶೋಧಕರಲ್ಲದೆ ಮತ್ತಾರೂ ಅರಿಯರು. ನಿಗರಿಲಿಯೆಂಬ ಸಾಟಿಯಿಲ್ಲದ ಬಿರುದಿಗೆ ಸಾಟಿಯಿಲ್ಲದ ಮರವೆ ಒದಗಿತು. ಕುವಲಾಲವು ಮಾತ್ರ ಜನರ ನಾಲಗೆಯ ಮೇಲೆ ಸವೆದು ಕೋಲಾರವಾಗಿ ಉಳಿಯಿತು. ಇಟ್ಟ ಹೆಸರುಗಳೆಲ್ಲವೂ ಅಳಿಯುವುವೆಂದು ಇದರ ಅರ್ಥವಲ್ಲ. ದಿವಾನ್ ಪೂರ್ಣಯ್ಯನವರು ಪಾಪನಪಳ್ಳಿಗೆ ತಮ್ಮ ಮಗನ ಹೆಸರನ್ನು ಇಟ್ಟು ಶ್ರೀನಿವಾಸಪುರವೆಂದು ಕರೆದುದು ಇಂದಿಗೂ ನಿಂತಿದೆ. ಮೂಡಣ ಬಾಗಿಲೆಂಬ ಊರಿನ ನೆಲೆಯಿಂದಲೇ ಹುಟ್ಟಿದ ಮುಳಬಾಗಿಲೆಂಬ ಹೆಸರೂ ನಿಂತಿದೆ. ಜನರ ನಾಲಗೆಗೆ ಒಗ್ಗಿದುದು ಉಳಿಯುತ್ತದೆ. ಅವರ ತಲೆಯ ಮೇಲೆ ಹೊರಿಸಿದುದು ಉದುರುತ್ತದೆ.

ಹೀಗೆ ನೋಡಿದಾಗ ರಾಜೇಂದ್ರನನ್ನು ಕುರಿತು ನಮ್ಮ ತೀರ್ಪು ಸ್ಪಷ್ಟವಾಗುತ್ತದೆ. ಅವನನ್ನು ಪರನಾಡಿನ ಸೂರೆಗಾರನೆಂದು ಹಳಿದು ಕೈಬಿಡುವುದೂ ತಪ್ಪು. ಸಮುದ್ರವಿಜಯದ ಹೆಮ್ಮೆಯಲ್ಲಿ ಹೊಟ್ಟೂರಿನ ಕಣ್ಣೀರನ್ನು ಮುಚ್ಚಿಡುವುದೂ ತಪ್ಪು. ಒಂದೇ ಕೈಯಿಂದ ಸುಟ್ಟವನೂ ಕಟ್ಟಿಸಿದವನೂ ಅವನೇ. ಅವನು ಸುಟ್ಟುದಕ್ಕೆ ಅವನ ಮಗನೇ ದಂಡ ತೆತ್ತನು. ಅವನು ಕಟ್ಟಿಸಿದುದನ್ನು ಅವನ ಶತ್ರುಗಳ ಸಂತತಿಯೂ ಕಾಪಾಡಿತು. ಹೊಯ್ಸಳರು ಬಂದರು, ವಿಜಯನಗರದವರು ಬಂದರು, ಹೈದರಾಲಿಯ ಮನೆತನದವರು ಬಂದರು, ಮೈಸೂರಿನ ಒಡೆಯರು ಬಂದರು. ಕೋಲಾರಮ್ಮನ ಗೋಡೆಯ ತಮಿಳು ಅಕ್ಷರಗಳನ್ನು ಅನ್ಯಭಾಷೆಯವೆಂದು ಉಳಿಯಿಂದ ಕೆತ್ತಿ ತೆಗೆಯುವ ಬುದ್ಧಿ ಯಾರಿಗೂ ಬರಲಿಲ್ಲ. ಇದು ಸಾಮಾನ್ಯವಾದ ಸಂಗತಿಯಲ್ಲ. ಸೂರ್ಯವರ್ಮನ ಬೆಟ್ಟದ ದೇವಾಲಯಕ್ಕಾಗಿ ಕಾಂಬೋಡಿಯ, ಥಾಯ್‌ಲೆಂಡ್ ದೇಶಗಳು ವ್ಯಾಜ್ಯ ಹೂಡಿ, ೧೯೬೨ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವು ಅದು ಕಾಂಬೋಡಿಯದ್ದೆಂದು ತೀರ್ಪಿತ್ತರೂ, ೨೦೦೮ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೆ ಸೇರಿದರೂ, ೨೦೨೫ರಲ್ಲಿಯೂ ಆ ಗಡಿಯಲ್ಲಿ ತೋಪುಗಳು ಗುಡುಗಿದುವು. ಪೂರ್ವಿಕರು ಬಿಟ್ಟುಹೋದ ದೇಗುಲವು ವಂಶಜರಿಗೆ ಕಲಹದ ಬೀಜವಾಗುವುದುಂಟು. ನಮ್ಮ ಗಡಿಸೀಮೆಯ ದೇವಿಯು ಮೂರು ಭಾಷೆಯವರನ್ನೂ ಒಂದೇ ಬಾಗಿಲಿನಲ್ಲಿ ಬರಮಾಡಿಕೊಂಡಿದ್ದಾಳೆ.

ಈ ಭಾಗ್ಯವನ್ನು ಕಾಯುವ ಹೊಣೆ ಇಂದಿನವರದು. ಕೋಲಾರಮ್ಮನ ಗುಡಿಗಾಗಲಿ ಆವಣಿಯ ದೇವಾಲಯಗಳಿಗಾಗಲಿ ಪೂಜೆಯುಂಟು, ಜನರ ಓಡಾಟವುಂಟು. ಕುರುಡುಮಲೆಯ ಗಣಪತಿಗೆ ಭಕ್ತರ ಕೊರತೆಯಿಲ್ಲ. ಆದರೆ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಊರೂರುಗಳ ಹೊರಗೆ, ಹೊಲದ ಬದುಗಳಲ್ಲಿಯೂ ಕೆರೆಯ ತೂಬುಗಳ ಬಳಿಯೂ ನಿಂತಿರುವ ಶಾಸನದ ಕಲ್ಲುಗಳಿಗೂ ವೀರಗಲ್ಲುಗಳಿಗೂ ಪೂಜಾರಿಯಿಲ್ಲ, ಕಾವಲುಗಾರನಿಲ್ಲ. ಒಂದು ಕಲ್ಲು ಚಪ್ಪಡಿಯಾಗಿ ಹೋದರೆ ಒಂದು ಊರಿನ ಜ್ಞಾಪಕವೇ ಹೋದಂತೆ. ಕೆರೆಯ ಅಂಗಳವನ್ನು ಒತ್ತಿದರೆ ತ್ರಿಭುವನಕರ್ತನ ಧರ್ಮವನ್ನೇ ಒತ್ತಿದಂತೆ. ಗ್ರಾಮಾಧಿಕಾರಿಗಳೂ ಶಾಲೆಯ ಉಪಾಧ್ಯಾಯರೂ ತಮ್ಮ ತಮ್ಮ ಊರಿನ ಕಲ್ಲುಗಳನ್ನು ಎಣಿಸಿ, ಬರೆದಿಟ್ಟು, ಅವು ನಿಂತಲ್ಲಿಯೇ ನಿಲ್ಲುವಂತೆ ನೋಡಿಕೊಂಡರೆ ಸಾಕು. ಅದಕ್ಕೆ ಚಕ್ರವರ್ತಿಯ ಬೊಕ್ಕಸ ಬೇಕಾಗಿಲ್ಲ. ಕಡಲಿನಾಚೆಯ ಕಡಾರವನ್ನು ಗೆದ್ದವನಿಂದ ಕೋಲಾರಕ್ಕೆ ಉಳಿದಿರುವುದು ಗೆಲುವಲ್ಲ, ಊರಿನ ದೇವಿಗೆ ಕಟ್ಟಿಸಿದ ಗೋಡೆ. ಆ ಗೋಡೆಯನ್ನು ಅನ್ಯರ ಆಸ್ತಿಯೆಂದು ಬಗೆಯದೆ ಸಾವಿರ ವರ್ಷ ಕಾದುಕೊಂಡು ಬಂದ ಊರಿನ ಜನರು ಆ ಚಕ್ರವರ್ತಿಗಿಂತ ದೊಡ್ಡವರೆಂದು ನಾವು ಭಾವಿಸುತ್ತೇವೆ.